ಕಡೆಯವರು ಯಾರು

ಲುಬ್ಲಿನ್‌ನ ಹಳೇ ಪೇಟೆಗೆ ಅವರಿಬ್ಬರೂ ಕಾಲಿಟ್ಟಾಗ ಮಂಜು ಇನ್ನೂ ಸರಿದಿರಲಿಲ್ಲ. ಕೋಟೆಬಾಗಿಲ ಗೋಪುರ ಅರ್ಧಕ್ಕೇ ಮುಗಿದುಹೋದಂತಿತ್ತು. ಅದರ ಗಡಿಯಾರ ಮೇಲೆಲ್ಲೋ ಕಾಣದವರಿಗೆ ಹೊತ್ತು ಹೇಳುತ್ತಿತ್ತು. ಬೀದಿಯ ಎರಡೂ ಬದಿಯ ಮನೆಗಳು, ಹಳದಿಯವು, ಇಟ್ಟಿಗೆಗೆಂಪಿನವು, ಮಾಸಿದ ಹಸಿರಿನವು, ತೊಟ್ಟಿಯಲ್ಲಿ ನೆನೆಹಾಕಿದ ಬಟ್ಟೆಗಳ ಹಾಗೆ ಮೆಲ್ಲಗೆ ಬಣ್ಣ ಬಿಡುತ್ತಾ ನಿಂತಿದ್ದವು. ಓಟಿಲಿಯಾ ಗೆಳತಿಯ ತೋಳು ಹಿಡಿದು ನಡೆಯುತ್ತಿದ್ದಳು. ತಾನು ಹಿಡಿದಿರುವುದು ತೋಳನ್ನೋ ಖಾಲಿ ಕೋಟಿನ ತೋಳನ್ನೋ ಎಂದು ಅನುಮಾನ ಬಂದಾಗಲೆಲ್ಲ ಒಮ್ಮೆ ಅದುಮಿ ನೋಡುತ್ತಿದ್ದಳು. ಗೇನ್ಯಾ ಅಷ್ಟು ಇಳಿದುಹೋಗಿದ್ದಳು.

ಇಬ್ಬರೂ ಲೋಡ್ಜ್ ಪಟ್ಟಣದ ಬಟ್ಟೆ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗಗಳ ಮುಂದೆ ಆಯಸ್ಸು ಸವೆಸಿದವರು. ಅಂಗಡಿಯ ಕಪಾಟಿನಲ್ಲಿ ವಿನಿಗರ್ ಬಾಟಲಿ ಬಿಟ್ಟು ಬೇರೇನೂ ಕಾಣದಿದ್ದ ಆ ಕಮ್ಯುನಿಸ್ಟ್ ಕಾಲದಲ್ಲಿ, ಪಾಳಿ ಮುಗಿಸಿ ಮನೆಗೆ ಹೋಗದೆ ನೇರ ಅಂಗಡಿಯ ಸಾಲಿಗೆ ಹೋಗಿ ನಿಂತವರು. ಒಂದು ಬೇಸಿಗೆಯಲ್ಲಿ ಊರಿನ ಹೆಂಗಸರೆಲ್ಲ ಖಾಲಿ ಪಾತ್ರೆ ಹಿಡಿದು, ಕೂಸಿನ ಗಾಡಿ ತಳ್ಳಿಕೊಂಡು, ಹಸಿವು ಎಂದು ಬರೆದ ಬಟ್ಟೆಯೆತ್ತಿ ಬೀದಿಗಿಳಿದರಲ್ಲ, ಆ ಬಟ್ಟೆಯನ್ನು ನೇಯ್ದವರೂ ಇವರೇ, ಹೊತ್ತವರೂ ಇವರೇ. ಹೊಟ್ಟೆ ತುಂಬಿದ ಸರ್ಕಾರದ ಕಿವಿಗೆ ಹಸಿದವರ ಮಾತು ಬರೀ ಗಲಾಟೆಯಾಗಿ ಬೀಳುತ್ತದೆ. ಆ ಸರ್ಕಾರಕ್ಕೂ ಹಾಗೇ ಬಿದ್ದಿತ್ತು.

ಅಂಥದೇ ಒಂದು ಸಾಲಿನಲ್ಲಿ, ಮೂಗಿನ ತುದಿ ಮರಗಟ್ಟುವ ಚಳಿಯಲ್ಲಿ ನಿಂತು ಅವರಿಬ್ಬರೂ ಮಾತು ಕೊಟ್ಟುಕೊಂಡಿದ್ದರು. ದೇಶದಲ್ಲಿ ತಿನ್ನಲು ಸಿಕ್ಕ ದಿನ ಒಂದೊಂದೇ ಹಳೇ ಊರಿಗೆ ಹೋಗಿ, ಆ ಊರು ಯಾವುದಕ್ಕೆ ಹೆಸರಾಗಿದೆಯೋ ಅದನ್ನು ಹೊಟ್ಟೆ ತುಂಬ ತಿಂದು ಬರಬೇಕು ಅಂತ. ಪಿಂಚಣಿ ಬಂದ ಮೇಲೆ ಆ ಮಾತು ನಡೆಸಿದರು. ತೊರುನ್‌ನ ಜೇನು ಬಿಸ್ಕತ್ತಾಯಿತು, ಕ್ರಾಕೋವ್‌ನ ಬಳೆಯಂಥ ರೊಟ್ಟಿಯಾಯಿತು, ಗ್ಡಾನ್ಸ್ಕ್‌ನ ಹೆರಿಂಗ್ ಮೀನಾಯಿತು, ಪೋಜ್ನಾನ್‌ನಲ್ಲಿ ಲಾಳದಾಕಾರದ ಸಿಹಿ ತಿಂದು ಗೇನ್ಯಾ ಬೆರಳು ನೆಕ್ಕುತ್ತಾ ಮತ್ತೆ ಅಂಗಡಿಗೆ ನುಗ್ಗಿದ್ದೂ ಆಯಿತು. ಈ ವರ್ಷ ಲುಬ್ಲಿನ್‌ನ ಸರದಿ. ಈರುಳ್ಳಿ, ಗಸಗಸೆ ಹರಡಿ ಸುಟ್ಟ ಚಪ್ಪಟೆ ರೊಟ್ಟಿ, ಸೆಬುಲಾಜ್.

ಆದರೆ ವಸಂತದಲ್ಲಿ ಗೇನ್ಯಾಗೆ ನ್ಯುಮೋನಿಯಾ ಬಂದು ಹೋಯಿತು. ಜ್ವರ ಹೋದಾಗ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಏನು ಕೊಟ್ಟರೂ ಬಾಯಲ್ಲಿ ಹತ್ತಿ ತುರುಕಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಡಾಕ್ಟರು ಹೊಟ್ಟೆಯೊಳಗೆಲ್ಲ ದೀಪ ಹಾಕಿ ನೋಡಿದರು, ದೋಷ ಸಿಗಲಿಲ್ಲ. ಹೀಗೇ ಇಳಿದರೆ ಚಳಿಗಾಲಕ್ಕೆ ಆಸ್ಪತ್ರೆಯಲ್ಲಿ ಮಲಗಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಅಂದರು. ಅದನ್ನು ಕೇಳಿ ಗೇನ್ಯಾ ಮಗ್ಗುಲಾಗಿ ಮಲಗಿದಳು, ಅಷ್ಟೆ. ಈ ಊರಿಗೂ ಅವಳಾಗಿ ಬಂದಿರಲಿಲ್ಲ. ಓಟಿಲಿಯಾ ರೈಲು ಹತ್ತಿಸಿ ಕರೆತಂದಿದ್ದಳು. ಒಂದು ಊಟ, ಒಂದೇ ಒಂದು ಊಟ ಇವಳು ಪೂರ್ತಿ ಉಂಡರೆ ಸಾಕು, ಹೊಟ್ಟೆಗೆ ದಾರಿ ನೆನಪಾದೀತು ಎಂಬುದು ಅವಳ ಲೆಕ್ಕ.

ಮೊದಲ ಅಂಗಡಿಯಲ್ಲಿ ರೊಟ್ಟಿ ಬಿಸಿಯಾಗಿತ್ತು. ಗೇನ್ಯಾ ಅಂಚನ್ನು ಗುಬ್ಬಿ ಕುಕ್ಕಿದಷ್ಟು ಕುಕ್ಕಿ, ಹಲ್ಲಿಗೆ ಸಿಕ್ಕ ಗಸಗಸೆಯನ್ನು ನಾಲಿಗೆಯಲ್ಲಿ ತೆಗೆದು, ಉಳಿದದ್ದನ್ನು ಓಟಿಲಿಯಾಳ ಕೈಗಿಟ್ಟಳು. ಎರಡನೆಯದು ಚೌಕದ ಮೂಲೆಯ ದೊಡ್ಡ ಹೋಟೆಲು. ಬಾಗಿಲಲ್ಲಿ ಅಜ್ಜಿಯ ಕೈರುಚಿ ಎಂಬ ಫಲಕ. ಬಡಿಸುವ ಹುಡುಗಿಯರಿಗೆ ಹಳ್ಳಿಯ ಹೂವಿನ ಲಂಗ ತೊಡಿಸಿದ್ದರು, ಗೋಡೆಗೆ ಯಾರದೋ ಹೊಲದ ಕುಡುಗೋಲು ತೂಗುಹಾಕಿದ್ದರು. ದುಡಿದವರ ಬದುಕು ಗೋಡೆಗೆ ಏರಬೇಕಾದರೆ ದುಡಿದವರು ಮೊದಲು ಬಾಗಿಲಾಚೆಗೆ ಹೋಗಬೇಕು ತಾನೆ. ಅಲ್ಲಿ ತಂದಿಟ್ಟ ಹುರುಳಿಗೋಧಿ ಕಡುಬುಗಳನ್ನು ಗೇನ್ಯಾ ತಟ್ಟೆಯಲ್ಲಿ ಅತ್ತಿಂದಿತ್ತ ತಿರುಗಿಸಿ, ಚೆನ್ನಾಗಿದೆ, ನೀನು ತಿನ್ನು ಅಂದಳು. ಓಟಿಲಿಯಾ ತಿಂದಳು. ತಿನ್ನುತ್ತಾ ಅವಳಿಗೆ ಅಳು ಬಂತು. ಕಡುಬು ಬಿಸಿ ಎಂದು ನೆಪ ಹೇಳಿದಳು.

ಮತ್ತೆ ನಡೆದರು. ಮಂಜಿನಲ್ಲಿ ಬೀದಿ ಇಳಿಜಾರಾಗುತ್ತಾ ಹೋಯಿತು. ಗೇನ್ಯಾಳ ಹೆಜ್ಜೆಗೆ ಸದ್ದಿರಲಿಲ್ಲ, ನಿದ್ದೆಯಲ್ಲಿ ನಡೆಯುವವಳ ಹಾಗೆ ಕಲ್ಲು ತಾಗದೆ ತೇಲುತ್ತಿದ್ದಳು. ಕೆಳಗಿನ ಕಮಾನುಬಾಗಿಲು ದಾಟಿದರೆ ಎದುರಿಗೆ ಬರೀ ಬಯಲು, ಬಯಲಿನಾಚೆ ದಿಬ್ಬದ ಮೇಲೆ ನೆರಳಿನಂಥ ಅರಮನೆ. ಒಂದು ಕಾಲಕ್ಕೆ ಇಲ್ಲಿ ಒಂದು ಇಡೀ ಪೇಟೆ ಇತ್ತು. ಈರುಳ್ಳಿ ರೊಟ್ಟಿಯನ್ನು ಮೊದಲು ಸುಟ್ಟ ಯೆಹೂದಿಗಳು ಇಲ್ಲೇ ಇದ್ದರು. ನಾಜಿಗಳು ಅವರನ್ನು ಕೊಂದರು, ಮನೆಗಳನ್ನು ಕೆಡವಿ ಬೀದಿಯನ್ನೇ ಒರೆಸಿದರು. ರೊಟ್ಟಿ ಮಾತ್ರ ಉಳಿಯಿತು. ಉಳಿದು ಊರಿನ ಹೆಮ್ಮೆಯಾಯಿತು. ಓಟಿಲಿಯಾಗೆ ಇದ್ದಕ್ಕಿದ್ದಂತೆ ಮಂಜಿನೊಳಗೆ ಬಾಗಿಲುಗಳು ತೆರೆದು ಮುಚ್ಚಿದ ಹಾಗೆ, ಯಾರೋ ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಇಣುಕಿದ ಹಾಗೆ ಕಂಡಿತು. ತಿರುಗಿ ಹೋಗೋಣ ಅಂದಳು.

ತಿರುಗಿ ಬರುವಾಗ ಪಕ್ಕದ ಓಣಿಯಲ್ಲಿ ಸಾಲು ಕಂಡಿತು.

ಗೋಡೆಗೆ ಒರಗಿದಂತೆ ಬೆನ್ನುಗಳು, ಬೆನ್ನಿನ ಹಿಂದೆ ಬೆನ್ನು, ಮುಂದಿನವು ಮಂಜಿನಲ್ಲಿ ಕರಗಿದ್ದವು. ಏನು ಕೊಡುತ್ತಾರೆ, ಯಾರು ಕೊಡುತ್ತಾರೆ ಒಂದೂ ಗೊತ್ತಿಲ್ಲ. ಆದರೆ ಆ ಕಾಲದಲ್ಲಿ ಬೆಳೆದ ಕಾಲುಗಳಿಗೆ ಅದು ಬೇಕಿರಲಿಲ್ಲ. ಸಾಲು ಕಂಡರೆ ಮೊದಲು ನಿಲ್ಲು, ಆಮೇಲೆ ಕೇಳು. ಕೇಳಿಕೊಂಡು ನಿಲ್ಲುವಷ್ಟರಲ್ಲಿ ಸಾಬೂನೋ ಬೆಣ್ಣೆಯೋ ಮುಗಿದುಹೋಗಿರುತ್ತದೆ. ಓಟಿಲಿಯಾಳ ತೋಳಿನಿಂದ ಏನೋ ಜಾರಿತು. ನೋಡಿದರೆ ಗೇನ್ಯಾ ಅಲ್ಲಿ ತಲುಪಿಯಾಗಿತ್ತು.

"ಕಡೆಯವರು ಯಾರು?" ಎಂದು ಕೇಳಿದಳು.

ತಿಂಗಳುಗಳಿಂದ ಓಟಿಲಿಯಾ ಕೇಳದಿದ್ದ ದನಿ ಅದು. ಮಗ್ಗಗಳ ಗದ್ದಲದ ಮೇಲೆ ಹಾಯುತ್ತಿದ್ದ ದನಿ. ತಲೆಗೆ ಶಾಲು ಸುತ್ತಿದ್ದ ಒಬ್ಬ ಮುದುಕಿ ಕೈ ಎತ್ತಿ ತಾನೆಂದಳು. ಗೇನ್ಯಾ ಅವಳ ಹಿಂದೆ ನಿಂತು, ಓಟಿಲಿಯಾಳನ್ನು ಎಳೆದು ತನ್ನ ಮುಂದಕ್ಕೆ ನಿಲ್ಲಿಸಿಕೊಂಡಳು. ಅಷ್ಟರಲ್ಲಿ ಉದ್ದ ಕೋಟಿನ, ನರೆತ ಗಡ್ಡದ ಒಬ್ಬ ಬಂದು ಅದೇ ಪ್ರಶ್ನೆ ಕೇಳಿದ.

"ನಾವು. ನಮ್ಮ ಹಿಂದೆ ನೀನಪ್ಪ, ಗ್ಯಾಪಕ ಇರ್ಲಿ," ಅಂದಳು ಗೇನ್ಯಾ. "ಮಧ್ಯ ಯಾರಾದ್ರೂ ತೂರಿದ್ರೆ ನೀನು ಆ ಕಡೆ ನೋಡ್ಕೋ, ನಾನು ಈ ಕಡೆ ನೋಡ್ಕೋತೀನಿ."

ಅವನ ಹೆಸರು ಬೋಲೆಕ್ ಎಂದು ಮುಂದಿನ ಮುದುಕಿ ಕರೆದದ್ದರಿಂದ ತಿಳಿಯಿತು. ಅವನು ನಕ್ಕು, ಆಗಲಿ ಎಂಬಂತೆ ಟೋಪಿ ಮುಟ್ಟಿಕೊಂಡ.

ಸಾಲು ಹೆಜ್ಜೆಯಷ್ಟು ಸರಿಯಿತು, ನಿಂತಿತು. ಕಂದು ಟೋಪಿಯವನೊಬ್ಬ ಗೋಡೆಯ ಬದಿಯಿಂದ ನೆರಳಿನಂತೆ ಬಂದು ಓಟಿಲಿಯಾಳ ಮುಂದೆ ಸೇರಿಕೊಂಡ.

"ಯಜಮಾನ್ರೇ, ನೀವಿಲ್ಲಿ ನಿಂತಿರ್ಲಿಲ್ಲ," ಅಂದಳು ಗೇನ್ಯಾ.

"ಬೆಳಿಗ್ಗಿಂದ ನಿಂತಿದ್ದೆ ತಾಯಿ, ಒಂದು ಸಿಗರೇಟು ಸೇದಕ್ಕೆ ಹೋಗಿದ್ದೆ."

"ಯಾರಿಗೆ ಹೇಳಿ ಹೋದ್ರಿ? ಹೇಳದೆ ಹೋದ್ರೆ ಸಿಗರೇಟಿನ ಜೊತೆ ಜಾಗಾನೂ ಹೊಗೆ. ಹಿಂದಕ್ಕೆ ನಡೀರಿ."

ಅವನು ಗೊಣಗುತ್ತಾ ಹೊರಟುಹೋದ. ಸಾಲಿನ ನಾಲ್ಕಾರು ಬೆನ್ನುಗಳು ನಗುವಿನಿಂದ ಅಲುಗಿದವು. ಗೇನ್ಯಾಳ ಕೆನ್ನೆಯಲ್ಲಿ ಎರಡು ಬೊಟ್ಟಿನಷ್ಟು ಕೆಂಪು ಮೂಡಿತ್ತು. ಓಟಿಲಿಯಾ ಅದನ್ನೇ ನೋಡಿದಳು. ಈ ಸಾಲು ಎಲ್ಲಿಯೂ ಮುಗಿಯದಿರಲಿ, ಹೀಗೇ ಮಂಜಿನೊಳಗೆ ಊರೂರು ದಾಟಿ ಹೋಗುತ್ತಿರಲಿ, ಇವಳು ಬಯ್ಯುತ್ತಿರಲಿ ಎಂದು ಹಾರೈಸಿದಳು. ಇವತ್ತು ಜುರೆಕ್ ಅಂತೆ ಎಂದು ಮುದುಕಿ ಹಿಂದಕ್ಕೆ ಸುದ್ದಿ ದಾಟಿಸಿದಳು. ರೈ ಹಿಟ್ಟನ್ನು ಹುಳಿ ಬರಿಸಿ ಕುದಿಸಿದ ಸಾರಿನ ಘಮ ಆಗಲೇ ಓಣಿಯಲ್ಲಿತ್ತು. ಗೇನ್ಯಾ ಮೂಗು ಅರಳಿಸಿ, "ಮಾರ್ಜೋರಂ ಸೊಪ್ಪು ಸಾಲದು," ಅಂದಳು. ಉಣ್ಣುವ ಮೊದಲೇ ತಪ್ಪು ಹುಡುಕುವುದು ಅವಳ ಹಳೇ ಚಾಳಿ. ಎಷ್ಟು ದಿನವಾಗಿತ್ತು ಅದನ್ನು ಕಂಡು.

ಆಗ ಓಟಿಲಿಯಾಗೆ ಕಾಲುಗಳು ಕಂಡವು.

ಮುಂದಿನ ಮುದುಕಿಯ ಒಂದು ಬೂಟಿನ ಅಟ್ಟೆಯನ್ನು ದಾರದಿಂದ ಕಟ್ಟಲಾಗಿತ್ತು. ಅವಳಾಚೆಯವನದು ಒಂದು ಬೂಟು ಕಪ್ಪು, ಇನ್ನೊಂದು ಕಂದು. ಬೋಲೆಕ್‌ನ ಕೋಟಿನ ಜೇಬಿನಿಂದ ತಗಡಿನ ಬಟ್ಟಲು ಇಣುಕುತ್ತಿತ್ತು. ಸಾಲಿನ ತುದಿಯಲ್ಲಿ ಅಂಗಡಿಯಿರಲಿಲ್ಲ. ಕ್ರೈಸ್ತ ಸನ್ಯಾಸಿನಿಯರ ಮಠದ ಹಿಂಬಾಗಿಲು, ಅದರ ಕಿಟಕಿ, ಕಿಟಕಿಯಲ್ಲಿ ಅಂಗಿಯ ತೋಳು ಮಡಿಚಿದ ಒಬ್ಬ ಸಿಸ್ಟರ್, ಹಂಡೆ. ಇದು ತಿನ್ನಲು ಗತಿಯಿಲ್ಲದವರ ಸಾಲು.

ಓಟಿಲಿಯಾಳ ಕಿವಿ ಬಿಸಿಯಾಯಿತು. ಹೊಟ್ಟೆಯಲ್ಲಿ ಹೋಟೆಲಿನ ಕಡುಬು ಕಲ್ಲಿನಂತೆ ಕೂತಿತ್ತು. ಬಾ, ಹೋಗೋಣ ಅನ್ನಬೇಕು. ಅಂದರೆ ಈ ಹೆಂಗಸು ಮತ್ತೆ ಕೋಟಿನೊಳಗೆ ಖಾಲಿಯಾಗುತ್ತಾಳೆ, ಚಳಿಗಾಲಕ್ಕೆ ಆ ನಳಿಗೆ. ಅನ್ನದಿದ್ದರೆ ಇಲ್ಲದವರ ಬಾಯಿಂದ ಒಂದು ಬಟ್ಟಲು ಕಿತ್ತ ಹಾಗೆ. ಜೀವಮಾನವೆಲ್ಲ ಇನ್ನೊಬ್ಬರ ಪಾಲು ನುಂಗಿದವರ ವಿರುದ್ಧ ಕೂಗಿದ ಬಾಯಿ ಅದು. ಈಗ ಆ ಬಾಯಿ ತೆರೆಯಲಿಲ್ಲ. ಕಿಟಕಿ ಬಂದಾಗ ತನ್ನ ಸರದಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ಗೆಳತಿಯನ್ನು ಸರಿಸಲು ಮಾತ್ರ ಕೈ ಬರಲಿಲ್ಲ.

ಸಿಸ್ಟರ್ ಯಾರನ್ನೂ ಏನೂ ಕೇಳುವವಳಲ್ಲ. ಗೇನ್ಯಾಳ ಮಣಿಕಟ್ಟನ್ನು ನೋಡಿದಳು, ಹಂಡೆಯನ್ನು ವಾಲಿಸಿ ತಳ ಕೆರೆದು ಬಟ್ಟಲು ತುಂಬಿಸಿದಳು, ಅರ್ಧ ಮೊಟ್ಟೆ ಹಾಕಿದಳು, ಒಂದು ತುಂಡು ರೊಟ್ಟಿ ಇಟ್ಟಳು. ಗೇನ್ಯಾ ಅಲ್ಲೇ ನಿಂತು ಒಂದು ಚಮಚ ಬಾಯಿಗಿಟ್ಟಳು. ನುಂಗಿದಳು. ಓಟಿಲಿಯಾ ಅವಳ ಗಂಟಲನ್ನೇ ನೋಡುತ್ತಿದ್ದಳು. ಇಳಿಯಿತು. ಎರಡನೆಯದಕ್ಕೆ ಚಮಚ ಎದ್ದಿತ್ತು.

"ಮುಗೀತಪ್ಪ ಬೋಲೆಕ್," ಅಂದಳು ಸಿಸ್ಟರ್. "ಇವತ್ತು ಜನ ಜಾಸ್ತಿ. ರೊಟ್ಟಿ ಇದೆ, ತಗೊ."

ಬೋಲೆಕ್ ಸಿಟ್ಟಾಗಲಿಲ್ಲ. ಬಟ್ಟಲನ್ನು ಜೇಬಿಗೆ ತಳ್ಳಿ ರೊಟ್ಟಿಗೆ ಕೈ ಚಾಚಿದ. ಗೇನ್ಯಾಳ ಚಮಚ ನಡುವೆಯೇ ನಿಂತಿತು. ಅವಳು ಅವನ ಬಟ್ಟಲನ್ನು, ಖಾಲಿ ಹಂಡೆಯನ್ನು, ಗೋಡೆಗೆ ಒರಗಿ ಉಣ್ಣುತ್ತಿದ್ದವರ ಬೂಟುಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಓಟಿಲಿಯಾಳ ಮುಖ ನೋಡಿದಳು. ಅಲ್ಲಿ ಎಲ್ಲವೂ ಬರೆದಿತ್ತು.

"ನಿಂಗೆ ಗೊತ್ತಿತ್ತು," ಅಂದಳು.

"ಗೊತ್ತಾಯ್ತು. ಆಮೇಲೆ."

"ಗೊತ್ತಾಗಿ ಸುಮ್ನಿದ್ದೆ."

"ನೀನು ತಿಂತೀಯೇನೋ ಅಂತ ಕಣೇ."

ಗೇನ್ಯಾ ಎತ್ತಿದ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಬೋಲೆಕ್‌ನ ಕಡೆ ತಿರುಗಿದಳು. "ಅಂಗಡೀಲಿ ಏನೂ ಇರ್ಲಿಲ್ಲ, ಅದಕ್ಕೆ ನಾವು ನಿಂತ್ವಿ. ಈಗ ಬೀದಿ ತುಂಬ ತಿಂಡಿ ಇಟ್ಟವ್ರೆ. ನೀನ್ಯಾಕಪ್ಪ ನಿಂತಿದೀಯ?"

"ಅದೋ, ಆ ಹಳದಿ ಮನೆ ಅಟ್ಟದಲ್ಲಿದ್ದೆ ತಾಯಿ," ಅಂದ ಅವನು, ಮಂಜಿನ ಕಡೆ ಗದ್ದ ಚಾಚಿ. "ಮಾಲೀಕ್ರು ಬದಲಾದ್ರು. ಈಗ ಅಲ್ಲಿ ದಿನಕ್ಕೊಬ್ರು ಮಲಗ್ತಾರೆ, ಊರು ನೋಡಕ್ಕೆ ಬಂದೋರು. ನಾನು ದಿನಾ ಒಬ್ನೇ ಮಲಗ್ತಿದ್ದೆ, ಅದೇ ತಪ್ಪಾಯ್ತು."

ಓಟಿಲಿಯಾಗೆ ತಲೆ ಎತ್ತಲಾಗಲಿಲ್ಲ. ಹಿಂದಿನ ರಾತ್ರಿ ಅವರಿಬ್ಬರೂ ಮಲಗಿದ್ದು, ಚೀಲ ಬಿಟ್ಟುಬಂದದ್ದು ಅಂಥದೇ ಒಂದು ಬಾಡಿಗೆ ಕೋಣೆಯಲ್ಲಿ.

ನೀವೇ ಉಣ್ಣಿ, ನಿಮ್ಮನ್ನು ನೋಡಿದರೆ ನನಗಿಂತ ನಿಮಗೇ ಬೇಕು, ನೀವು ಬಂದಾಗಲೇ ಅಂದುಕೊಂಡೆ ಎಂದ ಬೋಲೆಕ್. ದಾರದ ಬೂಟಿನ ಮುದುಕಿಯೂ ಹೌದೆಂದು ತಲೆಯಾಡಿಸಿದಳು. ಅಲ್ಲಿದ್ದವರ ಕಣ್ಣಿಗೆ ಆ ಸಾಲಿನಲ್ಲೆಲ್ಲ ಹೆಚ್ಚು ಹಸಿದವಳು ಗೇನ್ಯಾಳೇ ಆಗಿದ್ದಳು.

ಗೇನ್ಯಾ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ಚಮಚ ಇದೆಯಾ? ತೆಗಿ. ಸಾಲಲ್ಲಿ ಕಡೇದು ಇಬ್ರಿಗೆ ಬಂದ್ರೆ ಅರ್ಧರ್ಧ. ನಂಗೊಂದು, ನಿಂಗೊಂದು."

ಹೀಗೆ ಅವರು ಉಣ್ಣತೊಡಗಿದರು. ಇವಳ ಚಮಚ ಇಳಿಯುವುದು, ಅವನ ಚಮಚ ಇಳಿಯುವುದು. ಬೋಲೆಕ್ ಅರ್ಧ ಚಮಚವಷ್ಟೇ ತುಂಬುತ್ತಿದ್ದ. ಗೇನ್ಯಾ ಅದನ್ನು ಕಂಡುಹಿಡಿದು, ನನಗೆ ಧರ್ಮ ಮಾಡಬೇಡ, ತುಂಬ ತಗೊ ಎಂದು ಗದರಿದಳು. ಅವನು ತುಂಬ ತೆಗೆದುಕೊಂಡ. ತುಂಬಿದ ಚಮಚದ ಜೊತೆ ಮೊಟ್ಟೆಯೂ ಹೊರಟಿತು.

"ಮೊಟ್ಟೆ ನನ್ನ ಕಡೆ ಇತ್ತು," ಅಂದಳು ಗೇನ್ಯಾ, ಅವನ ಚಮಚಕ್ಕೆ ತನ್ನ ಚಮಚ ಅಡ್ಡ ಹಿಡಿದು.

"ತೇಲ್ಕೊಂಡು ಬಂತು ತಾಯಿ."

"ತೇಲಿ ಬಂದಿದ್ದೆಲ್ಲ ನಿಂದಾ? ಮಾಲೀಕ್ರ ಮಾತಾಯ್ತು ಇದು. ಕುಯ್ದು ಎರಡು ಮಾಡು."

ಅವನು ಕುಯ್ದ. ತನ್ನ ಚೂರನ್ನು ಅವಳು ಹಳದಿ ಸಹಿತ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು. ಮಂಜು ಓಣಿಯಿಂದ ಮೆಲ್ಲಗೆ ಮೇಲೇಳುತ್ತಿತ್ತು. ಗೋಡೆಗಳ ಬಣ್ಣಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು. ಓಟಿಲಿಯಾ ಸಿಸ್ಟರ್ ಹತ್ತಿರ ಹೋಗಿ, ತಪ್ಪಾಯಿತು, ನಾವು ಇಲ್ಲದವರಲ್ಲ, ಇದಕ್ಕೆ ಏನು ಕೊಡಲಿ ಎಂದು ಮೆಲ್ಲಗೆ ಕೇಳಿದಳು. ಸಿಸ್ಟರ್ ಉತ್ತರಿಸುವ ಮೊದಲೇ ಹಿಂದಿನಿಂದ, ಗೇನ್ಯಾಳ ತುಂಬಿದ ಬಾಯಿಯಿಂದ ಮಾತು ಬಂತು.

"ನಾಳೆ ಆಲೂಗಡ್ಡೆ ಸುಲಿಯಕ್ಕೆ ಎಷ್ಟೊತ್ತಿಗೆ ಕೂರ್ತೀರಿ ಸಿಸ್ಟರ್? ನಾವಿಬ್ರೂ ಬರ್ತೀವಿ. ಹಂಡೆ ದೊಡ್ಡದಿಡಿ. ಕಡೆಯೋನಿಗೆ ಮುಟ್ಟದೆ ಇರೋ ಸಾಲು ಎಂಥ ಸಾಲು?"

ಸಂಜೆಗೆ ರೈಲಿದೆ ಎಂದು ಓಟಿಲಿಯಾ ಹೇಳಲು ಹೋದಳು. ಗೇನ್ಯಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಬಟ್ಟಲನ್ನು ಓರೆ ಮಾಡಿ, ತನ್ನ ಬದಿಯ ತಳವನ್ನು ರೊಟ್ಟಿಯಿಂದ ಒರೆಸುತ್ತಿದ್ದಳು. ಒರೆಸುತ್ತಾ ಒರೆಸುತ್ತಾ ರೊಟ್ಟಿ ಬೋಲೆಕ್‌ನ ಬದಿಗೂ ಒಂದಿಷ್ಟು ದಾಟಿತ್ತು. ಅವನು ನೋಡಿದ, ನೋಡದವನ ಹಾಗೆ ಚಮಚ ನೆಕ್ಕುತ್ತಾ ನಿಂತ.