ಒಂದು ಗುಂಡಿಯ ಮೇಲ್ಮನವಿ

ಸೂಜಿಯಕ್ಕನ ಎದೆ ಬೆಳಗಿನಿಂದ ಹೊಲಿಗೆ ಯಂತ್ರದ ಹಾಗೆ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳದೆ ಇರುತ್ತದೆಯೇ? ಹನ್ನೊಂದು ಗಂಟೆಗೆ ಮೇಲ್ಮನವಿಯ ವಿಚಾರಣೆ. ಸೋತರೆ ಮೂರು ವರ್ಷ ಯಾವ ಸರ್ಕಾರಿ ಟೆಂಡರಿನ ಹತ್ತಿರವೂ ಸುಳಿಯುವ ಹಾಗಿಲ್ಲ. ಆಸ್ಪತ್ರೆಗಳ ಹಾಸಿಗೆ ಹೊದಿಕೆ ಹೊಲಿದೇ ಬದುಕುವ ಅಂಗಡಿ ಅವಳದು. ಬೀಗ ಬಿದ್ದರೆ ಅಲ್ಲಿನ ಹದಿನಾಲ್ಕು ಹೆಂಗಸರು ಮನೆ ಸೇರಬೇಕು.

ಅವಳು ಮಾಡಿದ ಘನಘೋರ ಅಪರಾಧವಾದರೂ ಏನು ಅಂತೀರಿ? ಒಂದು ಗುಂಡಿ ಹೊಲಿದದ್ದು! ಮಾದರಿ ಹೊದಿಕೆ ಒಪ್ಪಿಸಲು ಹೋದಾಗ ಖರೀದಿ ಅಧಿಕಾರಿಯ ಅಂಗಿ ತೋಳಿನ ಗುಂಡಿ ನೇತಾಡುತ್ತಿತ್ತು. ನೀಲಿ ದಾರ ಪೋಣಿಸಿದ ಸೂಜಿ ಅವಳ ಕಾಲರಿನಲ್ಲಿ ಸದಾ ಸಿದ್ಧ. ತೆಗೆದವಳೇ ಮಾತಾಡುತ್ತಾ ಮಾತಾಡುತ್ತಾ ಹೊಲಿದುಬಿಟ್ಟಳು. ಯಾರೋ ಫೋಟೊ ಹೊಡೆದರು, ಎದುರಾಳಿ ಕಂಪನಿ ದೂರು ಕೊಟ್ಟಿತು. ಪುಕ್ಕಟೆ ಸೇವೆ ಮಾಡಿ ಅಧಿಕಾರಿಯನ್ನು ಒಲಿಸಿಕೊಳ್ಳಲು ನೋಡಿದಳೆಂದು ಇಲಾಖೆ ಅವಳನ್ನು ಕಪ್ಪುಪಟ್ಟಿಗೆ ಸೇರಿಸಿತು.

ಅವಳ ಪರವಾಗಿ ವಾದಿಸಲು ನಿಯಮಗಳನ್ನೆಲ್ಲ ಅರೆದು ಕುಡಿದಿದ್ದ ಮಗಳು ದಾರಿಯುದ್ದಕ್ಕೂ ಒಂದೇ ತಾಕೀತು ಮಾಡಿದ್ದಳು: ಇವತ್ತು ಸೂಜಿ ಮುಟ್ಟಕೂಡದು. ಆಗಲಿ ಮಾರಾಯ್ತಿ ಎಂದಿದ್ದಳು ಸೂಜಿಯಕ್ಕ.

ಮಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದದ್ದು ಎರಡೇ ನಿಮಿಷ. ಕಚೇರಿಯ ಪಡಸಾಲೆಯ ಬೆಂಚಿನಿಂದ ಎದ್ದವನೊಬ್ಬನ ಕೋಟಿನ ಜೇಬು ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಅವನು ಅಳುಮೋರೆ ಹಾಕಿಕೊಂಡ. ಇವಳ ಕೈ ಮಾತು ಕೇಳಬೇಕಲ್ಲ! ಮಗಳು ಬರುವಷ್ಟರಲ್ಲಿ ಜೇಬು ಭದ್ರವಾಗಿತ್ತು, ಸೂಜಿ ಕಾಲರಿಗೆ ಮರಳಿತ್ತು.

ಒಳಗೆ ಹೋಗಿ ನೋಡಿದರೆ, ದೂರು ಕೊಟ್ಟ ಕಂಪನಿಯ ಕುರ್ಚಿಯಲ್ಲಿ ಅದೇ ಕೋಟಿನವನು. ಸೂಜಿಯಕ್ಕನ ಜೀವ ಬಾಯಿಗೆ ಬಂತು. ಅವನೂ ತಲೆ ತಗ್ಗಿಸಿದ.

ಮಗಳು ಚೆನ್ನಾಗಿಯೇ ವಾದಿಸಿದಳು. ಅಮ್ಮನ ಮಾತು ಕೇಳದೆಯೇ ಆದೇಶ ಬರೆದದ್ದು ತಪ್ಪು. ಗುಂಡಿ ಹೊಲಿದದ್ದು ಆಮಿಷವಲ್ಲ, ಅಭ್ಯಾಸ. ಮೇಲ್ಮನವಿ ಕೇಳುತ್ತಿದ್ದ ಹಿರಿಯ ಅಧಿಕಾರಿಣಿ ಕನ್ನಡಕದ ಮೇಲಿಂದ ನೋಡಿದರು.

"ಅಭ್ಯಾಸ ಅನ್ನೋಕೆ ಸಾಕ್ಷಿ?"

ಮಗಳು ಹದಿನಾಲ್ಕು ಹೆಂಗಸರ ಹೇಳಿಕೆ ಮುಂದಿಟ್ಟಳು. ಅವರೆಲ್ಲ ನಿಮ್ಮವರೇ ಅಲ್ಲವೇ ಎಂದು ಅಧಿಕಾರಿಣಿ ಪಕ್ಕಕ್ಕೆ ಸರಿಸಿದರು. ಮಗಳು ಕಡತ ಮಗುಚತೊಡಗಿದಳು. ಎಲ್ಲ ಮುಗಿಯಿತೆಂದುಕೊಂಡ ಸೂಜಿಯಕ್ಕನಿಗೆ ಎಲ್ಲಿಂದಲೋ ಧೈರ್ಯ ಬಂತು, ಎದ್ದು ನಿಂತಳು.

"ಮೇಡಂ, ಈಗ ತಾನೇ ಹೊರಗಡೆ ಇನ್ನೊಂದು ತಪ್ಪು ಮಾಡ್ಬಂದಿದೀನಿ. ಇವ್ರ ಜೇಬು ಹೊಲಿದೆ."

ಮಗಳು ತಲೆಯ ಮೇಲೆ ಕೈ ಹೊತ್ತಳು. ಕೋಟಿನವನು ತನ್ನ ಕಾಗದಗಳನ್ನು ನೋಡಿದ, ಜೇಬನ್ನು ನೋಡಿದ, ಆಮೇಲೆ ಮೆಲ್ಲಗೆ ಎದ್ದ.

"ಹೌದು ಮೇಡಂ. ನಾನ್ಯಾರು ಅಂತ ಇವ್ರಿಗೆ ಗೊತ್ತಿರ್ಲಿಲ್ಲ. ಏನು ಕೊಡ್ಲಿ ಅಂದ್ರೆ, ಸುಮ್ನೆ ಹೋಗಪ್ಪ ಅಂತ ಗದರಿದ್ರು."

ಅಧಿಕಾರಿಣಿ ಎದ್ದು ಬಂದು ಫೋಟೊವನ್ನು ಜೇಬಿನ ಪಕ್ಕ ಹಿಡಿದರು. ಅದೇ ನೀಲಿ ದಾರ, ಅದೇ ಒತ್ತು ಹೊಲಿಗೆ. ಕುರ್ಚಿಗೆ ಮರಳಿ ಆದೇಶ ಹೇಳಿ ಬರೆಸಿದರು: ಕಪ್ಪುಪಟ್ಟಿ ರದ್ದು, ಟೆಂಡರಿನ ಮರುಪರಿಶೀಲನೆ, ಇನ್ನು ಮುಂದೆ ಸರ್ಕಾರಿ ಕಚೇರಿಯೊಳಗೆ ಸೂಜಿ ತೆಗೆಯಬಾರದೆಂದು ಎಚ್ಚರಿಕೆ. ಸೂಜಿಯಕ್ಕನಿಗೆ ಕುಣಿದುಬಿಡುವಷ್ಟು ಖುಷಿಯಾಯಿತು, ಕಣ್ಣು ಮಂಜಾಯಿತು. ಮಂಜಾದ ಕಣ್ಣಿಗೂ ಕಾಣಿಸಿತು: ಸಹಿ ಹಾಕಲು ಚಾಚಿದ ಅಧಿಕಾರಿಣಿಯ ತೋಳಿನಲ್ಲಿ ಗುಂಡಿಯೊಂದು ಒಂದೇ ಎಳೆಯಲ್ಲಿ ನೇತಾಡುತ್ತಿದೆ. ಕೈ ತಾನಾಗಿಯೇ ಕಾಲರಿಗೆ ಹೋಯಿತು.

"ಸಹಿ ಇನ್ನೂ ಹಾಕಿಲ್ಲಮ್ಮ," ಎಂದರು ಅಧಿಕಾರಿಣಿ, ತಲೆ ಎತ್ತದೆ.