ಥಾರ್ನ್‌ಬೆಕ್ ವಾರ್ಡಿನ ಮಾಜಿ ಸದಸ್ಯೆ

ನನ್ನ ಹೆಂಡತಿ ವಿನೋದಾ ನಾಲ್ಕು ಸಲ ಚುನಾವಣೆಗೆ ನಿಂತವಳು. ನಮ್ಮ ಮೈಸೂರಿನಲ್ಲಲ್ಲ, ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನಲ್ಲಿ, ಥಾರ್ನ್‌ಬೆಕ್ ಎಂಬ ವಾರ್ಡಿನಿಂದ. ಆ ವಾರ್ಡು ಈಗ ಇಲ್ಲ. 2004ರಲ್ಲಿ ಗಡಿಗಳನ್ನು ಹೊಸದಾಗಿ ಎಳೆದಾಗ ಅದನ್ನು ಎರಡು ಹೋಳು ಮಾಡಿ ಅಕ್ಕಪಕ್ಕದ ವಾರ್ಡುಗಳಿಗೆ ಸೇರಿಸಿಬಿಟ್ಟರು. ಇಲ್ಲದ ವಾರ್ಡಿನ ಚರಿತ್ರೆ ಯಾರಿಗೆ ಬೇಕು ಎಂದು ನಾನೇ ಎಷ್ಟೋ ಸಲ ಅವಳನ್ನು ರೇಗಿಸಿದ್ದೇನೆ. ಈಗ ಅದು ಲಾಸ್ ಏಂಜಲೀಸಿನ ಇಮಿಗ್ರೇಷನ್ ಕೋರ್ಟಿನ ಫೈಲಿನಲ್ಲಿ ಕೂತಿದೆ. ಅವಳನ್ನು ಈ ದೇಶದಿಂದ ಕಳಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವ ಫೈಲು ಅದು.

ಮೊದಲಿಂದ ಹೇಳುತ್ತೇನೆ. ನಾನು ದಿವಾಕರ, ಎಪ್ಪತ್ತಾರು ವರ್ಷ, ಬಾಯ್ಲರ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು. 1979ರಿಂದ ಮೂವತ್ತಾರು ವರ್ಷ ಆ ಊರಿನಲ್ಲಿದ್ದೆವು. ವಿನೋದಾ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಇಬ್ಬರೂ ಇಂಡಿಯಾದ ಪಾಸ್‌ಪೋರ್ಟ್ ಬಿಡಲಿಲ್ಲ, ಬಿಡುವ ಅಗತ್ಯವೂ ಬೀಳಲಿಲ್ಲ. ಅಲ್ಲಿನ ಕಾನೂನಿನಲ್ಲಿ, ನೆಲೆಸಿದ ಇಂಡಿಯಾದವರು ಓಟು ಹಾಕಬಹುದು, ಬೇಕಾದರೆ ಚುನಾವಣೆಗೂ ನಿಲ್ಲಬಹುದು. ಓಟರ ಪಟ್ಟಿಯ ಫಾರಂ ವರ್ಷಕ್ಕೊಮ್ಮೆ ಬಾಗಿಲಿಗೇ ಬರುತ್ತಿತ್ತು. ಇರುವ ಊರಿನಲ್ಲಿ ಓಟು ಹಾಕುವುದು, ವಾರಕ್ಕೊಮ್ಮೆ ಕಸದ ಡಬ್ಬಿ ಹೊರಗಿಡುವ ಹಾಗೆ, ಮಾಡಲೇಬೇಕಾದ ಮಾಮೂಲಿ ಕೆಲಸ ಎಂದು ಅವಳ ಮನಸ್ಸಿನಲ್ಲಿ ಕೂತುಹೋಯಿತು.

ಶಾಲೆಯ ಮುಂದೆ ಒಬ್ಬ ಹುಡುಗಿಗೆ ವ್ಯಾನು ಬಡಿದ ವರ್ಷ, ಝೀಬ್ರಾ ಕ್ರಾಸಿಂಗ್ ಬೇಕೆಂದು ಕೌನ್ಸಿಲ್ಲಿಗೆ ಬರೆದೂ ಬರೆದೂ ಸಾಕಾಗಿ ತಾನೇ ಪಕ್ಷೇತರಳಾಗಿ ನಿಂತಳು. 1986ರಲ್ಲಿ ಬಿದ್ದದ್ದು 214 ಓಟು, ಕಡೆಯ ಸ್ಥಾನ. ನಮ್ಮ ಮದುವೆ ಊಟಕ್ಕೇ ಇದಕ್ಕಿಂತ ಜಾಸ್ತಿ ಜನ ಬಂದಿದ್ದರು ಎಂದೆ. ಎರಡು ದಿನ ಮಾತು ಬಿಟ್ಟಳು. 1988ರಲ್ಲಿ 391. 1990ರಲ್ಲಿ ಒಂದೇ ಒಂದು ಓಟಿನಿಂದ ಸೋತಳು. ಮೂರು ಸಲ ಎಣಿಸಿದರು, ಮೂರು ಸಲವೂ ಅಷ್ಟೇ.

ಗೆಲ್ಲಲು ಬೇಕಿದ್ದ ಎರಡು ಓಟು ಯಾರದೆಂದು ನನಗೆ ಗೊತ್ತು. ಒಂದು ನನ್ನದು. ಇನ್ನೊಂದು ನಮ್ಮ ಕಾರ್ಖಾನೆಯ ಮಹಾಂತಪ್ಪನದು. ಧಾರವಾಡದವನು, ಪಕ್ಕದ ಬೀದಿಯಲ್ಲೇ ಇದ್ದ. ಆ ಗುರುವಾರ ಸಂಜೆ ಇಬ್ಬರೂ ಕೆಲಸ ಮುಗಿಸಿ ಬಂದು ನಮ್ಮ ಅಡುಗೆಮನೆಯಲ್ಲಿ ಇಸ್ಪೀಟಿಗೆ ಕೂತೆವು. ವಿನೋದಾ ವಾರ್ಡಿನ ಆ ತುದಿಯ ಬೀದಿಗಳಲ್ಲಿ ಬಾಗಿಲು ತಟ್ಟುತ್ತಾ, ಮನೆಯಲ್ಲಿದ್ದವರನ್ನು ಮತಗಟ್ಟೆಗೆ ಹೊರಡಿಸುತ್ತಾ ಇದ್ದಳು. ನಮ್ಮ ಮತಗಟ್ಟೆ ಐದು ನಿಮಿಷದ ನಡಿಗೆ.

"ಹೋಗಿ ಹಾಕಿ ಬಂದುಬಿಡೋಣವೇನೋ?" ಎಂದೆ.

"ಏ, ಕುಂದರೋ ಮಾರಾಯಾ. ಅಕ್ಕಾರು ಗೆದ್ದೇ ಗೆಲ್ತಾರ. ನಮ್ಮ ಎರಡು ಓಟಿನಾಗ ಏನೈತಿ?" ಎಂದ ಮಹಾಂತಪ್ಪ. ಕೂತೆವು.

ಚುನಾವಣೆ ಮುಗಿದ ಮೇಲೆ, ಓಟು ಹಾಕಿದವರ ಹೆಸರಿಗೆ ಗೆರೆ ಎಳೆದ ಪಟ್ಟಿಯನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಯಾರಿಗೆ ಹಾಕಿದರು ಎಂದು ತಿಳಿಯುವುದಿಲ್ಲ, ಬಂದರೋ ಇಲ್ಲವೋ ಎಂದು ಮಾತ್ರ ತಿಳಿಯುತ್ತದೆ. ವಿನೋದಾ ಹೋಗಿ ನೋಡಿದಳು. ಮನೆಗೆ ಬಂದು, ಅನ್ನ ಬಡಿಸಿ, "ನಿಮ್ಮ ಹೆಸರಿಗೆ ಗೆರೆ ಇಲ್ಲ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 1994ರಲ್ಲಿ ಅರವತ್ತಮೂರು ಓಟಿನಿಂದ ಗೆದ್ದಳು, ನಾಲ್ಕು ವರ್ಷ ಸದಸ್ಯೆಯಾಗಿದ್ದಳು, ಝೀಬ್ರಾ ಕ್ರಾಸಿಂಗ್ ಹಾಕಿಸಿಯೇ ಕೆಳಗಿಳಿದಳು. ಆದರೆ ಕೈಗೆ ಬಂದ ಓಟನ್ನು ಹಾಕದೆ ಬಿಡುವುದು ಅವತ್ತಿನಿಂದ ಅವಳಿಗೆ ಅನ್ನ ಚೆಲ್ಲಿದಷ್ಟೇ ಪಾಪವಾಗಿಬಿಟ್ಟಿತು. ಹಾಗಾಗಲು ನಾನೇ ಕಾರಣ.

2015ರಲ್ಲಿ, ಅಮೆರಿಕದಲ್ಲಿದ್ದ ಮಗಳು ಮೇದಿನಿ ಗ್ರೀನ್ ಕಾರ್ಡ್ ಮಾಡಿಸಿ ನಮ್ಮನ್ನು ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸಿಗೆ ಕರೆಸಿಕೊಂಡಳು. ಮುಂದೆ ಅವಳಿಗೆ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದಳು. ಟೊರೆನ್ಸಿನ ಲೈಬ್ರರಿಗೂ ಪಕ್ಕದ ಮನೆಯವರಿಗೂ ಒಗ್ಗಿಹೋಗಿದ್ದ ನಾವು ಇಲ್ಲೇ ಉಳಿದೆವು. ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸುವಾಗ, ಓಟರ ಪಟ್ಟಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಫಾರಂನಲ್ಲಿ ಬಂತು. ವಿನೋದಾ ಟಿಕ್ ಮಾಡಿ ಸಹಿ ಹಾಕಿದಳು. ಅಮೆರಿಕದ ಪ್ರಜೆಗಳಿಗೆ ಮಾತ್ರ ಎಂದು ಕೆಳಗೆ ಬರೆದಿತ್ತಂತೆ. ಮಕ್ಕಳ ಲೆಕ್ಕದಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುತ್ತಿದ್ದವಳು ಅದನ್ನು ಓದಲಿಲ್ಲ. ನಾನು ಬರೀ ಸೋಮಾರಿತನಕ್ಕೆ ಟಿಕ್ ಮಾಡಲಿಲ್ಲ. ಅಲ್ಲಿ ಅವಳನ್ನು ಸೋಲಿಸಿದ ನನ್ನ ಸೋಮಾರಿತನ ಇಲ್ಲಿ ನನ್ನನ್ನು ಕಾಪಾಡಿತು. ಇದು ಯಾವ ನ್ಯಾಯವೋ ನನಗೆ ಗೊತ್ತಿಲ್ಲ.

2020ರಲ್ಲಿ, ಕೊರೋನಾ ಕಾಲದಲ್ಲಿ, ಮತಪತ್ರ ಟಪಾಲಿನಲ್ಲಿ ಬಂತು. ಅವಳ ಹೆಸರಿಗೆ ಮಾತ್ರ. ಮೂರು ದಿನ ಕೂತು ಒಂದೊಂದು ಹೆಸರನ್ನೂ ಜನಮತಕ್ಕಿಟ್ಟ ಒಂದೊಂದು ಪ್ರಸ್ತಾಪವನ್ನೂ ಓದಿ ತುಂಬಿದಳು. ಲೈಬ್ರರಿ ಮುಂದಿನ ಓಟಿನ ಡಬ್ಬಿಯವರೆಗೆ ಮಾಸ್ಕ್ ಹಾಕಿಕೊಂಡು ಇಬ್ಬರೂ ನಡೆದು ಹೋದೆವು.

"ಕೊಡು, ನಾನು ಹಾಕ್ತೀನಿ" ಎಂದು ಲಕೋಟೆ ಇಸಿದುಕೊಂಡೆ.

"ಅಂತೂ ಇಂತೂ ನಿಮ್ಮ ಕೈಲಿ ಒಂದು ಓಟು ಬಿತ್ತು ರೀ" ಎಂದು ನಕ್ಕಳು. ಮೂವತ್ತು ವರ್ಷದ ಹಳೆಯ ಪಾಪ ತೊಳೆದುಹೋಯಿತು ಎಂದುಕೊಂಡೆ. ಎಂಥ ಮೂರ್ಖ ನಾನು!

2023ರಲ್ಲಿ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದಳು. ಲಾಯರನ್ನು ಕೇಳೋಣ ಎಂದು ಮೇದಿನಿ ಹೇಳಿದರೆ, ಫಾರಂ ತುಂಬುವುದಕ್ಕೆ ಲಾಯರ್ ಯಾಕೆ ಎಂದಳು. ಈ ದೇಶದಲ್ಲಿ ಎಂದಾದರೂ ಓಟು ಹಾಕಿದ್ದೀರಾ ಎಂಬ ಪ್ರಶ್ನೆಗೆ ಹೆಮ್ಮೆಯಿಂದ ಹೌದು ಎಂದು ಬರೆದಳು. ತಾನು ಎಂಥ ಜವಾಬ್ದಾರಿಯ ಪ್ರಜೆ ಎಂದು ತೋರಿಸಲು ಜೊತೆಗೆ ಇನ್ನೊಂದು ಕಾಗದವನ್ನೂ ಲಗತ್ತಿಸಿದಳು. ಆ ಊರಿನ ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬ ಥಾರ್ನ್‌ಬೆಕ್ ವಾರ್ಡಿನ 1973ರಿಂದ 2004ರವರೆಗಿನ ಎಲ್ಲ ಚುನಾವಣೆಗಳ ಫಲಿತಾಂಶ ಸೇರಿಸಿ ಇಂಟರ್‌ನೆಟ್ಟಿಗೆ ಹಾಕಿದ್ದ. ಅದರ ಪ್ರಿಂಟು. ಅವಳ ಹೆಸರು ನಾಲ್ಕು ಕಡೆ ಇತ್ತು. ನಾಲ್ಕಕ್ಕೂ ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು.

ಮರುವರ್ಷ ಲಾಸ್ ಏಂಜಲೀಸಿನಲ್ಲಿ ಇಂಟರ್‌ವ್ಯೂ. ಇಪ್ಪತ್ತು ನಿಮಿಷದ್ದು ಎಂದಿದ್ದರು. ಹೊರಗಿನ ಹಾಲಿನಲ್ಲಿ ಒಂದೂವರೆ ಗಂಟೆ ಕೂತೆ. ಹೊರಬಂದವಳ ಮುಖ ನೋಡಿ ಎದ್ದು ನಿಂತೆ.

"ಏನೋ ತಪ್ಪಾಗಿದೆ ರೀ. ನಾನು ಓಟು ಹಾಕಬಾರದಿತ್ತಂತೆ" ಎಂದಳು. "ಆಫೀಸರ್ ಪಾಪ ಒಳ್ಳೆಯ ಹುಡುಗ. ನೀರು ಕೊಟ್ಟ. ಆಮೇಲೆ, ನಾನೇ ಓಟು ಹಾಕಿದೆ ಅಂತ ನನ್ನ ಕೈಲೇ ಬರೆಸಿ ಸಹಿ ಮಾಡಿಸಿಕೊಂಡ."

ಕಾರಿನಲ್ಲಿ ಕೂತು ಕೀಲಿ ಹಾಕಿದಳು, ಸ್ಟಾರ್ಟ್ ಮಾಡಲಿಲ್ಲ.

ಅರ್ಜಿ ತಿರಸ್ಕಾರವಾಗಿದೆ ಎಂಬ ಕಾಗದ ಮೊದಲು ಬಂತು. ಈ ವರ್ಷ ಕೋರ್ಟಿನ ನೋಟೀಸು ಬಂತು. ಪ್ರಜೆಯಲ್ಲದವರು ಓಟು ಹಾಕಿದರೆ ಗ್ರೀನ್ ಕಾರ್ಡ್ ಕಿತ್ತುಕೊಂಡು ದೇಶದಿಂದ ಹೊರಗೆ ಹಾಕಬಹುದಂತೆ. ಬೆಂಗಳೂರಿನ ನನ್ನ ಹಳೆಯ ಸ್ನೇಹಿತ ಕರೀಮನ ಮಗಳು ನೌಶೀನ್ ಇಂಥ ಕೇಸುಗಳ ಲಾಯರು. ಹತ್ತನೇ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು, ಕನ್ನಡ ಇನ್ನೂ ಮರೆತಿಲ್ಲ. ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ ಅವಳ ಆಫೀಸು. ಎರಡೂವರೆ ಗಂಟೆ ವಿನೋದಾ ಡ್ರೈವ್ ಮಾಡಿದಳು. ಮೇದಿನಿ ಕೆಲಸದಿಂದ ನೇರವಾಗಿ ಅಲ್ಲಿಗೆ ಬಂದಿದ್ದಳು.

"ಆಂಟಿಗೆ ರೂಲ್ ಗೊತ್ತಿರಲಿಲ್ಲ, ಪ್ರಾಮಾಣಿಕವಾಗಿ ಮಾಡಿದ ಮಿಸ್ಟೇಕ್ ಅಂತ ವಾದ ಮಾಡಬೇಕು, ಅಂಕಲ್. ಬೇರೆ ದಾರಿ ಇಲ್ಲ" ಎಂದಳು ನೌಶೀನ್. ಆಮೇಲೆ ಫೈಲಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಥಾರ್ನ್‌ಬೆಕ್ ವಾರ್ಡಿನ ಫಲಿತಾಂಶ. "ಪ್ರಾಬ್ಲಂ ಇದು. ಸರ್ಕಾರದ ಲಾಯರ್ ಇದನ್ನೇ ಎತ್ತಿ ತೋರಿಸ್ತಾರೆ. ನಾಲ್ಕು ಎಲೆಕ್ಷನ್‌ಗೆ ನಿಂತವರು, ನಾಲ್ಕು ವರ್ಷ ಕೌನ್ಸಿಲರ್ ಆಗಿದ್ದವರು, ಓಟಿನ ರೂಲ್ ಓದಲಿಲ್ಲ ಅಂದರೆ ಯಾರು ನಂಬ್ತಾರೆ ಅಂತಾರೆ."

"ಅದನ್ನ ವಾಪಸ್ ತಗೊಳ್ಳೋಕಾಗಲ್ವಾ?" ಎಂದಳು ಮೇದಿನಿ.

"ಆಂಟಿನೇ ಕೊಟ್ಟಿರೋದು. ಫೈಲಿಗೆ ಹೋದದ್ದು ಹೋಯ್ತು."

ವಿನೋದಾ ಆ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಾನೇ ಹಾಕಿದ್ದ ಪೆನ್ಸಿಲ್ ಗುರುತುಗಳನ್ನು ನೋಡುತ್ತಾ ಕೂತಳು. ಏನಾದರೂ ಮಾಡಲೇಬೇಕು ಅನ್ನಿಸಿತು.

"ಬರಕೋಮ್ಮ ನೌಶೀನ್," ಎಂದೆ. "ಲೈಸೆನ್ಸಿನ ಫಾರಂ ತುಂಬಿದ್ದು ನಾನು. ಟಿಕ್ ಮಾಡಿದ್ದು ನಾನು. ಮತಪತ್ರ ತುಂಬಿದ್ದೂ ನಾನೇ. ಅವಳು ಬರೀ ಸಹಿ ಹಾಕಿದ್ದು. ನನ್ನನ್ನ ಬೇಕಾದರೆ ಕಳಿಸಲಿ."

ನೌಶೀನ್ ಪೆನ್ನು ಕೆಳಗಿಟ್ಟಳು. "ಅಂಕಲ್, ನೀವು ಹೇಳಿದ್ದು ನಾನು ಕೇಳಿಸಿಕೊಂಡಿಲ್ಲ. ಸುಳ್ಳು ಹೇಳಿಸೋಕೆ ನನ್ನಿಂದಾಗಲ್ಲ. ಹೇಳಿದರೂ ಇಬ್ಬರೂ ಸಿಕ್ಕಿಹಾಕಿಕೊಳ್ತೀರಿ."

"ಅವರು ಓಟಿನ ತಂಟೆಗೇ ಹೋಗೋರಲ್ಲಮ್ಮ," ಎಂದಳು ವಿನೋದಾ, ಕಾಗದದಿಂದ ಕಣ್ಣೆತ್ತದೆ. "ಯಾರೂ ನಂಬಲ್ಲ. ಓಟು ನಂದು. ನಾನೇ ಹಾಕಿದ್ದು. ಅದನ್ನಾದರೂ ನನಗೆ ಬಿಡಿ."

ಮುಂದೆ ಮಾತಾಡಿದ್ದೆಲ್ಲ ನನ್ನ ಕಾಯಿಲೆಯದು. ಎರಡು ವರ್ಷದಿಂದ ನನಗೆ ಪಾರ್ಕಿನ್ಸನ್ಸ್. ಟೊರ್ರಿ ಪೈನ್ಸಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ನನ್ನನ್ನು ಸೇರಿಸಿಕೊಂಡಿದ್ದಾರೆ. ಅದರಿಂದ ಗುಣ ಕಾಣುತ್ತಿದೆ, ಬೇರೆಲ್ಲೂ ಸಿಗುವುದಿಲ್ಲ. ಗಂಡನನ್ನು ನೋಡಿಕೊಳ್ಳುವವಳು ಇವಳೊಬ್ಬಳೇ ಎಂದು ಜಡ್ಜಿಗೆ ಹೇಳುತ್ತೇನೆ, ಕೇಳಿದರೆ ಕೇಳಿದರು ಎಂದಳು ನೌಶೀನ್. ವಿಚಾರಣೆ ಬರುವ ಫೆಬ್ರವರಿಗೆ. ಕೇಳದಿದ್ದರೆ ಎಂದು ಮೇದಿನಿ ಕೇಳಿದಳು. ನೌಶೀನ್ ನಮಗೆಲ್ಲ ಟೀ ತರಿಸಿದಳು.

ವಾಪಸ್ ಬರುವಾಗ ದಾರಿಯಲ್ಲಿ ಹೇಳಿದೆ: "ನೀನು ಹೋದರೆ ನಾನೂ ಬರ್ತೀನಿ. ಮೈಸೂರಲ್ಲಿ ಒಂದು ಬಾಡಿಗೆ ಮನೆ ಹಿಡಿದರಾಯ್ತು."

"ಔಷಧಿ?"

"ಔಷಧಿ ಮನೆ ಹಾಳಾಗಲಿ."

"ನೀವು ಬರಕೂಡದು," ಎಂದಳು. ಅವಳ ಕಣ್ಣು ರಸ್ತೆಯ ಮೇಲೇ ಇತ್ತು. "ಹೋದ ವರ್ಷ ಲೋಟ ಎತ್ತೋಕಾಗ್ತಿರಲಿಲ್ಲ ನಿಮಗೆ. ಈಗ ಎತ್ತುತ್ತಾ ಇದ್ದೀರ. ಮೇದಿನಿ ಮನೇಲಿ ಇರಿ. ನಾನು ಎಲ್ಲಾ ಯೋಚನೆ ಮಾಡಿದೀನಿ." ಎಲ್ಲಾ ಎಂದರೆ ಏನು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅತ್ತೆ, ಅತ್ತದ್ದು ಅವಳಿಗೆ ಕಾಣಿಸಿತು, ಟಿಷ್ಯೂ ಡಬ್ಬಿ ನನ್ನ ಕಡೆ ತಳ್ಳಿದಳು.

ಏನು ಯೋಚನೆ ಮಾಡಿದ್ದಳೆಂದು ಮರುದಿನ ಬೆಳಿಗ್ಗೆಯೇ ತಿಳಿಯಿತು. ಮಾತ್ರೆಗಳನ್ನು ವಾರದ ಪೆಟ್ಟಿಗೆಗೆ ಹಂಚುವುದನ್ನು ನನ್ನ ಕೈಯಲ್ಲೇ ಮಾಡಿಸಿದಳು. ಮರುದಿನ ಕುಕ್ಕರ್ ಇಡುವುದು. ಅದರ ಮರುದಿನ ಡಾಕ್ಟರ ಆಫೀಸಿಗೆ ಫೋನ್ ಮಾಡಿ ತಾರೀಕು ಕೇಳುವುದು; ಅವಳು ಪಕ್ಕದಲ್ಲೇ ನಿಂತಿದ್ದಳು, ಸಹಾಯಕ್ಕೆ ಬರಲಿಲ್ಲ. ಇಂಗ್ಲೆಂಡಿನ ಮಕ್ಕಳು ಇವಳಿಗೆ ಯಾಕೆ ಹೆದರುತ್ತಿದ್ದರು ಎಂದು ನಲವತ್ತು ವರ್ಷದ ಮೇಲೆ ನನಗೆ ಅರ್ಥವಾಯಿತು.

ಇವತ್ತು ಅಂಗಿಯ ಗುಂಡಿ. ಎರಡು ವರ್ಷದಿಂದ ಅವಳೇ ಹಾಕುತ್ತಿದ್ದದ್ದು. ಮಂಚದ ತುದಿಯಲ್ಲಿ ನನ್ನನ್ನು ಕೂರಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಮೊದಲನೆಯದು ಹೇಗೋ ತೂತಿಗೆ ಹೋಯಿತು. ಎರಡನೆಯದು ಜಾರಿತು, ಮತ್ತೆ ಜಾರಿತು. ಬೆರಳು ನಡುಗಿ ನಡುಗಿ ಮೊದಲನೆಯದೂ ಬಿಚ್ಚಿಕೊಂಡಿತು.

"ಸಾಕು, ನೀನೇ ಹಾಕಿಬಿಡು" ಎಂದೆ.

ಅವಳ ಕೈ ನನ್ನ ಎದೆಯ ಹತ್ತಿರದವರೆಗೂ ಬಂತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಹಿಂದಕ್ಕೆ ತೆಗೆದುಕೊಂಡು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

"ಇಲ್ಲ," ಎಂದಳು. "ಇನ್ನೊಂದ್ಸಲ ಹಾಕಿ."