ಮಹಡಿ ಮೇಲಿನ ಗ್ರಂಥಾಲಯ

"ಈ ಲಿಫ್ಟ್‌ನಲ್ಲಿ ಸ್ಟ್ರೆಚರ್ ಕೂಡ ಹಿಡಿಯುತ್ತೆ ಸಾರ್," ಎಂದಳು ಪ್ರವೇಶ ವಿಭಾಗದ ಹರ್ಷಿತಾ. ಆಡಿದ ಮಾತು ಸರಿಹೋಗಲಿಲ್ಲ ಅನ್ನಿಸಿ, "ಐ ಮೀನ್, ವೀಲ್‌ಚೇರ್ ಆರಾಮಾಗಿ ಹೋಗುತ್ತೆ," ಎಂದು ತಿದ್ದಿಕೊಂಡಳು.

ಗಾಲಿಕುರ್ಚಿಯಲ್ಲಿದ್ದ ನೀತಾ ನಕ್ಕಳು. "ಸ್ಟ್ರೆಚರ್ ಮ್ಯಾಲ ಬಂದೋರಿಗೆ ಫೀ ಕಮ್ಮಿ ಏನ್ರಿ?"

"ಸುಮ್ನ ಇರು ಬೇ," ಎಂದ ಅವಳ ಅಪ್ಪ ಬಸವಪ್ರಭು, ಕುರ್ಚಿಯನ್ನು ಲಿಫ್ಟಿನೊಳಗೆ ತಳ್ಳುತ್ತ.

ಊರ ಹೊರವಲಯದ ವಾಕಡದಲ್ಲಿನ ಈ ಕಾನೂನು ಕಾಲೇಜು ಎರಡು ವರ್ಷದ ಹಿಂದೆ ಶುರುವಾದದ್ದು. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ನೀತಾ ಪಡೆದ ಅಂಕಕ್ಕೆ ಇಲ್ಲಿಯೂ ಸೀಟು ಸಿಗುತ್ತಿತ್ತು, ಊರ ನಡುವಿನ ಹಳೆಯ ಕಾಲೇಜಿನಲ್ಲಿಯೂ ಸಿಗುತ್ತಿತ್ತು. ಅರ್ಜಿಯಲ್ಲಿ ಯಾವುದನ್ನು ಮೊದಲನೆಯದಾಗಿ ನಮೂದಿಸಬೇಕು ಎಂಬುದನ್ನು ನಾಳೆ ಸಂಜೆಯೊಳಗೆ ಹೇಳಬೇಕಿತ್ತು. ಅದಕ್ಕೇ ಬಸವಪ್ರಭು ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿಯನ್ನು ಗುಮಾಸ್ತ ಮಾಂತುವಿಗೆ ಒಪ್ಪಿಸಿ, ಓಮ್ನಿಯಲ್ಲಿ ಮಗಳನ್ನು ಕೂರಿಸಿಕೊಂಡು ಬೆಳಿಗ್ಗೆಯೇ ಹೊರಟಿದ್ದ.

ಗ್ರಂಥಾಲಯದಲ್ಲಿ ಹವಾನಿಯಂತ್ರಣ ಜೋರಾಗಿತ್ತು. ಹೈಕೋರ್ಟ್ ತೀರ್ಪುಗಳ ಸಂಪುಟಗಳು ಗಾಜಿನ ಬೀರುಗಳಲ್ಲಿ ಸಾಲಾಗಿ ನಿಂತಿದ್ದವು. ನೀತಾ ಕೈ ತೋರಿಸಿದ ಸಂಪುಟವನ್ನು ಅಪ್ಪ ತೆಗೆದುಕೊಟ್ಟ. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಗೇ ಇತ್ತು. ಪಕ್ಕದ್ದಕ್ಕೂ ಇತ್ತು, ಅದರ ಪಕ್ಕದ್ದಕ್ಕೂ.

"ನಮ್ ಸ್ಟೂಡೆಂಟ್ಸ್ ಎಲ್ಲಾ ಆನ್‌ಲೈನ್ ಓದ್ತಾರೆ," ಎಂದಳು ಹರ್ಷಿತಾ.

"ಸಂವಿಧಾನ ಯಾರು ಕಲಿಸ್ತಾರ್ರಿ?"

"ರಿಕ್ರೂಟ್‌ಮೆಂಟ್ ನಡೀತಾ ಇದೆ."

"ಮೂಟ್ ಕೋರ್ಟ್?"

"ಹಾಲ್ ರೆಡಿ ಆಗ್ತಾ ಇದೆ. ಅಣಕು ಕೋರ್ಟ್ ನಡೆಸೋಕೆ ಜಡ್ಜ್ ಕೂರೋ ಬೆಂಚ್ ಎಲ್ಲಾ ಆರ್ಡರ್ ಮಾಡಿದೀವಿ." ಹರ್ಷಿತಾ ತುಮಕೂರಿನವಳು, ಈ ಮರಾಠಿ ಊರಿನಲ್ಲಿ ಕನ್ನಡದವರು ಸಿಕ್ಕರೆಂಬ ಖುಷಿಯಲ್ಲಿ ಸುಳ್ಳು ಹೇಳುವುದು ಅವಳಿಗೆ ಕಷ್ಟವಾಗುತ್ತಿತ್ತು. ಬೇರೆ ಮಾತು ಹುಡುಕಿದಳು. "ನಮ್ ವ್ಯಾನ್‌ಗೂ ರ‍್ಯಾಂಪ್ ಇದೆ. ಮನೆ ಬಾಗಿಲಿಂದ ಕ್ಲಾಸ್‌ವರೆಗೂ ಯಾರ ಹೆಲ್ಪೂ ಬೇಕಾಗಲ್ಲ."

ಹಿಂತಿರುಗುವಾಗ ಬಸವಪ್ರಭು ಲಿಫ್ಟಿನ ಕನ್ನಡಿಯಲ್ಲಿ ಮಗಳ ಮುಖ ನೋಡಿ, "ಲಿಫ್ಟ್ ಭಾಳ ಛಲೋ ಅದ. ಮ್ಯಾಲ ಹೋಗಿ ಮಾಡೂದೇನು?" ಎಂದ. ಇಬ್ಬರೂ ನೆಲಮಹಡಿಯವರೆಗೆ ನಗುತ್ತಲೇ ಬಂದರು.

ಹಳೆಯ ಕಾಲೇಜಿನದು ಕರಿಕಲ್ಲಿನ ಕಟ್ಟಡ. ಕೆಳಗೆ ಕಚೇರಿ, ಪರೀಕ್ಷಾ ವಿಭಾಗ. ತರಗತಿಗಳೆಲ್ಲ ಮೊದಲ ಮಹಡಿಯಲ್ಲಿ, ಗ್ರಂಥಾಲಯ ಅದರ ಮೇಲೆ. ಉಪಪ್ರಾಂಶುಪಾಲರು ತಾವೇ ಹೊರಗೆ ಬಂದು ನೀತಾಳ ಎದುರು ಒಂದು ಕುರ್ಚಿ ಎಳೆದುಕೊಂಡು ಕೂತರು. ಅವಳ ಅಂಕಪಟ್ಟಿ ನೋಡಿ, ಇಂಥ ವಿದ್ಯಾರ್ಥಿ ನಮಗೆ ಬೇಕು ಎಂದು ಮರಾಠಿಯಲ್ಲಿ ಹೇಳಿದರು. ಲಿಫ್ಟಿನ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿದರು. ಪಾರಂಪರಿಕ ಕಟ್ಟಡ, ಅನುಮತಿಗೆ ಬರೆದಿದ್ದೇವೆ, ಮತ್ತೆ ಬರೆಯುತ್ತೇವೆ. ಅಲ್ಲಿಯವರೆಗೆ ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ ಎಂದರು.

"ಸರ್, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ…" ಎಂದು ನೀತಾ ಮರಾಠಿಯಲ್ಲಿ ಶುರುಮಾಡಿದಳು.

"ಆ ಕಾಯ್ದೆ ಇಲ್ಲಿ ಪಾಠ ಮಾಡುವವನು ನಾನೇ," ಎಂದರು ಅವರು. ಅದರಲ್ಲಿ ತಮಾಷೆ ಇರಲಿಲ್ಲ.

"ಯಾವ ಹುಡುಗರೂ ಬ್ಯಾಡ," ಎಂದು ಬಸವಪ್ರಭು ಮಗಳಿಗೆ ಕನ್ನಡದಲ್ಲಿ ಹೇಳಿದ. "ನಾ ಅದೀನಲ್ಲ. ಬಾ, ಮ್ಯಾಲ ನೋಡ್ಕೊಂಡ ಬರೂಣು."

ಮೆಟ್ಟಿಲ ಬುಡದಲ್ಲಿ ಅವನು ಅವಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. ಅವಳು ಕೊರಳಿಗೆ ಕೈ ಹಾಕಿದಳು. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಬೆನ್ನುಹುರಿಗೆ ಇಳಿದು ಕಾಲು ಹೋದಂದಿನಿಂದ ಇದೇ ರೂಢಿ. ಚಿಕ್ಕವಳಿದ್ದಾಗ ಉಪ್ಪಿನ ಮೂಟೆ ಹೊತ್ತಂತೆ ಹೊತ್ತು, ಓಣಿಯುದ್ದಕ್ಕೂ "ಉಪ್ಪು ಬೇಕೇನ್ರೀ ಉಪ್ಪೂ" ಎಂದು ಕೂಗಿಕೊಂಡು ಹೋಗುತ್ತಿದ್ದ. "ಬ್ಯಾಡ, ಕೆಟ್ಟ ಉಪ್ಪು," ಎಂದು ನೆರೆಯವರು ಅಂದರೆ ಅವಳು ಅವನ ಕಿವಿ ಹಿಂಡುತ್ತಿದ್ದಳು. ಅವಳಿಗೆ ಅಪ್ಪನ ಮುಖಕ್ಕಿಂತ ಕತ್ತು ಹೆಚ್ಚು ಗೊತ್ತು. ಕೂದಲು ಬೆಳ್ಳಗಾದದ್ದನ್ನು ಮೊದಲು ಕಂಡವಳು ಅವಳೇ.

ಮೆಟ್ಟಿಲು ತಿರುಗುವ ಕಟ್ಟೆಯ ಹತ್ತಿರ ಹಳೆಯ ವಿದ್ಯಾರ್ಥಿಗಳ ತಂಡಗಳ ಫೋಟೋಗಳಿದ್ದವು. ಬಸವಪ್ರಭು ಅಲ್ಲಿ ನಿಂತು ಅವಳನ್ನು ಕಟ್ಟೆಯ ಮೇಲೆ ಕೂರಿಸಿದ. "ತಡಿ, ಫೋಟೋ ನೋಡೂಣು. ಇವ ನೋಡು, ಮೀಸಿಯಂವ. ಜಡ್ಜ್ ಆಗಿರ್ತಾನ."

"ಕಳ್ಳನಂಗ ಕಾಣ್ತಾನ."

"ಜಡ್ಜೂ ಹಂಗ ಕಾಣ್ತಾರ." ಅವನು ಫೋಟೋದ ಕೆಳಗಿನ ಹೆಸರುಗಳನ್ನು ಒಂದೊಂದಾಗಿ, ಬಹಳ ಆಸಕ್ತಿಯಿಂದ ಓದಿದ.

ಗ್ರಂಥಾಲಯದಲ್ಲಿ ಉದ್ದನೆಯ ಮರದ ಮೇಜುಗಳು, ಫ್ಯಾನಿನ ಸದ್ದು. ಒಂದು ಮೇಜಿನ ಮುಂದೆ ಅವಳನ್ನು ಕೂರಿಸಿದ. ಸಂಪುಟಗಳ ರಟ್ಟು ಕಿತ್ತು ಬಂದು, ಬಟ್ಟೆಯ ಪಟ್ಟಿ ಅಂಟಿಸಿದ್ದರು. ಅಂಚುಗಳಲ್ಲಿ ಪೆನ್ಸಿಲಿನ ಟಿಪ್ಪಣಿ: "ತಪ್ಪು", ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ "ಯಾಕೆ ತಪ್ಪು?". ಹತ್ತಿರ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಸವಪ್ರಭುವಿಗೆ ಕುರ್ಚಿ ಕೊಟ್ಟಳು, ನೀರಿನ ಬಾಟಲಿ ಕೊಟ್ಟಳು. ನೀತಾಳನ್ನು ಯಾವ ಊರು, ಎಷ್ಟು ಅಂಕ ಎಂದು ಕೇಳಲಿಲ್ಲ. ಅಣಕು ಕೋರ್ಟಿಗೆ ಸಿದ್ಧಪಡಿಸುತ್ತಿದ್ದ ವಾದ ಹೇಳಿ, ಇದರಲ್ಲಿ ತೂತು ಎಲ್ಲಿದೆ ಹೇಳು ಎಂದಳು. ಬಾಡಿಗೆದಾರನೊಬ್ಬನ ಮೊಕದ್ದಮೆ ಅದು. ನೀತಾ ತೂತು ತೋರಿಸಿದಳು. ಹುಡುಗಿ ಒಪ್ಪಲಿಲ್ಲ. ಇಬ್ಬರ ದನಿಯೂ ಏರಿ, ಗ್ರಂಥಪಾಲಕರು ಮೇಜು ತಟ್ಟಬೇಕಾಯಿತು. ಆ ಹೊತ್ತಿನಲ್ಲಿ ನೀತಾಳಿಗೆ ತನ್ನ ಕಾಲಿನ ನೆನಪಾಗಲಿ, ಅಪ್ಪನ ನೆನಪಾಗಲಿ ಇರಲಿಲ್ಲ. ಗೋಡೆಗೆ ತಲೆಯಾನಿಸಿ ಕೂತಿದ್ದ ಬಸವಪ್ರಭು ಅವಳನ್ನೇ ನೋಡುತ್ತಿದ್ದ.

ಇಳಿಯುವಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅವಳು ಗಲ್ಲವನ್ನು ಅವನ ಹೆಗಲಿಗೆ ಇಟ್ಟು, ಇನ್ನೂ ಮನಸ್ಸಿನಲ್ಲೇ ಬಾಡಿಗೆದಾರನ ಪರ ವಾದಿಸುತ್ತಿದ್ದಳು. ಆಗ ಅವಳ ಎದೆಗೆ ಅದು ತಾಕಿತು. ಅಪ್ಪನ ಗುಂಡಿಗೆ ಬಡಿಯಿತು, ಬಡಿಯಿತು, ನಿಂತಿತು. ಆಮೇಲೆ ಮುಗ್ಗರಿಸಿದವನಂತೆ ಗಡಬಡಿಸಿ ಒಟ್ಟಿಗೆ ಬಡಿಯಿತು. ಮತ್ತೆ ನಿಂತಿತು. ಅಂಗಿಯ ಬೆನ್ನು ತೊಯ್ದಿತ್ತು. ಆ ಬೆವರು ತಣ್ಣಗಿತ್ತು.

ತಿರುವಿನಲ್ಲಿ ಅವನು ಅವಳನ್ನು ಮತ್ತೆ ಕಟ್ಟೆಯ ಮೇಲೆ ಕೂರಿಸಿದ. "ಫೋಟೋ ನೋಡೂಣು ತಡಿ. ಇವ ನೋಡು, ಮೀಸಿಯಂವ," ಎಂದ ಏದುಸಿರಿನಲ್ಲಿ. "ಜಡ್ಜ್ ಆಗಿರ್ತಾನ."

ಅದೇ ಫೋಟೋ. ಅದೇ ಮನುಷ್ಯ.

"ಅಪ್ಪಾ, ಆರಾಮ ಅದೀಯಿಲ್ಲೊ?"

"ಗ್ಯಾಸ್ ಬೇ. ಮುಂಜಾನೆ ಖಾರದ ಮಿಸಳ್ ತಿಂದಿದ್ದೆನಲ್ಲ."

ಮನೆಯ ದಾರಿಯಲ್ಲಿ, ಕ್ಯಾಂಪ್ ಬಡಾವಣೆಯಲ್ಲಿ ಅವನು ಗಾಡಿ ನಿಲ್ಲಿಸಿ ಬೇಕರಿಗೆ ಹೋದ. ಹೋದ ಕೂಡಲೇ ನೀತಾ ಮನೆಗೆ ಫೋನ್ ಮಾಡಿದಳು. "ಅವ್ವಾ, ಅಪ್ಪನ ಎದಿ ಬಡಿತ ತಪ್ಪಾಕತ್ತದ. ಏನರ ನೆವ ಹೇಳಿ ನಾಳೆ ಡಾಕ್ಟರ್ ಕಡೆ ಕರಕೊಂಡ ಹೋಗು."

"ನಿನಗ ಹ್ಯಾಂಗ ಗೊತ್ತಾತು?"

"ನಾ ಅವನ ಬೆನ್ನ ಮ್ಯಾಲಿದ್ದೆ."

ಅವ್ವ ಗೌರಾಬಾಯಿ ದನಿ ತಗ್ಗಿಸಿದಳು. "ಹೋದ ತಿಂಗಳನ ಹೇಳ್ಯಾರವಾ ಡಾಕ್ಟರ್. ಭಾರ ಎತ್ತಬ್ಯಾಡ್ರಿ, ಮೆಟ್ಟಲಾ ಹತ್ತಬ್ಯಾಡ್ರಿ ಅಂತ. ನಿನಗ ಹೇಳಬಾರದಂತ ನನ್ನ ಕಡೆ ಆಣಿ ಮಾಡಿಸ್ಕೊಂಡಾರ. ಎಷ್ಟ ಹೇಳಿದ್ರೂ ಕೇಳವಲ್ಲರು. ಆಕಿ ಹಳೇ ಕಾಲೇಜಿಗೇ ಹೋಗ್ಬೇಕು, ನಾ ಒಯ್ತೀನಿ ಅಂತಾರ. ನಾ ಹೇಳೀನಂತ ಬಾಯಿ ಬಿಡಬ್ಯಾಡ ಮತ್ತ."

ಬಸವಪ್ರಭು ಬಿಸಿ ಪಾವು ಬ್ರೆಡ್ಡಿನ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ ಗಾಡಿ ಹೊರಡಿಸಿದ. "ಮೊದಲ್ನೇ ನಂಬರ್ ಹಳೇದು ಹಾಕಿಬಿಡು," ಎಂದ. "ಎರಡನೇದು ಹಾಕೂದ ಬ್ಯಾಡ ಅಂತೀನಿ."

"ನಾ ವಾಕಡದ್ದ ಮೊದಲ ಹಾಕ್ತೀನಿ ಅಪ್ಪಾ."

ಅವನು ಇದನ್ನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

"ಪುಸ್ತಕದ ಪ್ಲಾಸ್ಟಿಕ್ ಸೈತ ಹರದಿಲ್ಲಂತ ನಕ್ಕಾಕಿ ನೀನ ಅಲ್ಲೇನು?"

"ನಾ ಹೋಗಿ ಹರೀತೀನಿ."

"ಕಲಿಸಾವರ ಇಲ್ಲ ಅಲ್ಲಿ."

"ಬರ್ತಾರ."

"ಆ ಹುಡುಗಿ ಜೋಡಿ ಜಗಳಾ ಮಾಡೂ ಮುಂದ ನಿನ್ನ ಮಾರಿ ನಾ ನೋಡೀನಿ." ಅವನ ದನಿ ಮೆತ್ತಗಾಯಿತು. "ಮೆಟ್ಟಲದ ಚಿಂತಿ ನಿನಗ್ಯಾಕ? ಮುಂಜಾನೆ ಏರಿಸಿ ಬರ್ತೀನಿ, ಮಧ್ಯಾಹ್ನ ಬಂದು ಇಳಸ್ತೀನಿ. ಅಂಗಡಿ ಮಾಂತು ನೋಡ್ಕೋತಾನ. ಐದು ವರ್ಷ ಏನ್ ಭಾಳ? ಕಣ್ಣ ಮುಚ್ಚಿ ತೆರಿಯೂದ್ರಾಗ ಹೋಗ್ತಾವ."

ಲಿಫ್ಟಿಗಾಗಿ ಅವಳು ಹೋರಾಡಬಹುದಿತ್ತು. ಶಾಲೆಯಲ್ಲಿ ಅರ್ಜಿ ಬರೆದು ಬರೆದು ಇಡೀ ತರಗತಿಯನ್ನೇ ನೆಲಮಹಡಿಗೆ ಇಳಿಸಿದವಳು ಅವಳು. ಗೆಲ್ಲಲೂಬಹುದಿತ್ತು. ಆದರೆ ಗೆಲ್ಲುವ ದಿನದವರೆಗೆ ಇವನು ಪ್ರತಿ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಬೆನ್ನು ಕೊಟ್ಟು ಕೂರುತ್ತಿದ್ದ. ಹುಡುಗರ ಕೈಗೆ ಬಿಡುತ್ತಿರಲಿಲ್ಲ. ಡಾಕ್ಟರ ಮಾತು ಕೇಳುತ್ತಿರಲಿಲ್ಲ, ಹೆಂಡತಿಯ ಮಾತು ಕೇಳುತ್ತಿರಲಿಲ್ಲ. ನಿನ್ನ ಜೀವಕ್ಕೆ ಅಪಾಯ ಎಂದರೆ ನಕ್ಕುಬಿಡುತ್ತಿದ್ದ. ಮಗಳಿಗೆ ಬೇಡವಾದದ್ದನ್ನು ಮಾತ್ರ ಅವನು ಎಂದೂ ಮಾಡಿದವನಲ್ಲ.

"ನನಗ ನಾಚಿಕಿ ಆಗ್ತದ ಅಪ್ಪಾ."

"ಯಾತಕ್ಕ?"

"ಹದಿನೆಂಟು ವರ್ಷದಾಕಿ ಅಪ್ಪನ ಬೆನ್ನಿಗೆ ಜೋತುಬಿದ್ದು ಕ್ಲಾಸಿಗೆ ಹೋಗೂದು." ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಇವತ್ತ ಎಲ್ಲಾರೂ ನೋಡಾಕತ್ತಿದ್ರು. ನೀ ಉಸ್ಸ್ ಉಸ್ಸ್ ಅನಕೋತ ಹತ್ತೂದು, ನಿನ್ನ ಅಂಗೀಗೆ ಮೆಣಸಿನಕಾಯಿ ವಾಸನಿ ಬ್ಯಾರೆ. ಆ ಹುಡುಗಿ ಮೂಗು ಮುಚ್ಕೊಂಡ್ಲು, ನೀ ನೋಡ್ಲಿಲ್ಲ. ದಿನಾ ಹಿಂಗ ಆದ್ರ ನನ್ನ ಜೋಡಿ ಯಾರ ಕೂಡ್ತಾರ?"

ಆ ಹುಡುಗಿ ಮೂಗು ಮುಚ್ಚಿಕೊಂಡಿರಲಿಲ್ಲ. ಅವನಿಗೆ ಕೂರಲು ಕುರ್ಚಿ ಕೊಟ್ಟಿದ್ದಳು.

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಬಸವಪ್ರಭು, ಕನ್ನಡಿ ಸರಿಮಾಡುವವನಂತೆ ಕೈಯೆತ್ತಿ, ಅಂಗಿಯ ತೋಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುವವರೆಗೂ ಹಸಿರು ದೀಪ ಬಂದದ್ದು ಅವನಿಗೆ ಕಾಣಲಿಲ್ಲ.

ಮಾರ್ಕೆಟ್ ಯಾರ್ಡ್ ದಾಟಿದ ಮೇಲೆ, "ವಾಕಡದ್ದ ಹಾಕು," ಎಂದ. "ವ್ಯಾನಿಗೆ ರ‍್ಯಾಂಪ್ ಅದ ಅಂದ್ಲಲ್ಲ ಆಕಿ. ನಾ ಬರೂದ ಬೇಕಾಗಂಗಿಲ್ಲ."

"ಹೂಂ," ಎಂದಳು ನೀತಾ. ಅಷ್ಟು ಹೇಳುವುದಕ್ಕೂ ಅವಳು ಮಡಿಲಿನ ಪೊಟ್ಟಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಪಾವು ಮುದ್ದೆಯಾಗಿತ್ತು.

ಬಿಬವೇವಾಡಿಯ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಬೆಂಚಿನ ಮೇಲೆ ಹೆಂಗಸರು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ದಿನವೂ ಅವರ ಎದುರಿಗೇ ಗಾಡಿ ನಿಲ್ಲಿಸಿ, ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸುತ್ತಿದ್ದ ಬಸವಪ್ರಭು ಇವತ್ತು ಅಲ್ಲಿ ನಿಲ್ಲಿಸಲಿಲ್ಲ. ಕಟ್ಟಡವನ್ನು ಸುತ್ತುಹಾಕಿ, ಹಿಂಭಾಗದಲ್ಲಿ ನೀರಿನ ಟಾಕಿಯ ಬಳಿ ನಿಲ್ಲಿಸಿದ.

ಕುರ್ಚಿ ಬಿಡಿಸಿ ಬಾಗಿಲಿಗೆ ಒತ್ತಿ ಇಟ್ಟ. ರೂಢಿಯಂತೆ ಬಗ್ಗಿ ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನಾ ಹಿಡೀಲೇನ್ರಿ ಸಾಹೇಬ್ರ?" ಎನ್ನುತ್ತ ವಾಚ್‌ಮನ್ ಅಂಬಣ್ಣ ಓಡಿಬಂದ.

"ಬ್ಯಾಡ ಅಂಬಣ್ಣ. ಆಕಿನ ಇಳೀತಾಳ. ನೀ ಗೇಟಿನ ಕಡೆ ಹೋಗು."

ಅಂಬಣ್ಣ ಮೂಲೆ ತಿರುಗಿ ಮರೆಯಾಗುವವರೆಗೆ ಕಾದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮೇಲಿನ ಬಾಲ್ಕನಿಗಳನ್ನೂ ಒಮ್ಮೆ ನೋಡಿದ.

"ಯಾರೂ ಇಲ್ಲವ್ವಾ," ಎಂದ ಮೆಲ್ಲಗೆ. "ಇಳಿ."

ನೀತಾ ಸೀಟಿನ ಅಂಚಿಗೆ ಎರಡೂ ಅಂಗೈ ಊರಿದಳು. ಬಸವಪ್ರಭು ಕುರ್ಚಿ ಅಲುಗದಂತೆ ಹಿಂದಿನಿಂದ ಹಿಡಿದು, ತನ್ನ ಮುಖವನ್ನೂ ಟಾಕಿಯ ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತ.